ಸಾಹೇಬರು ಬಂದಾಗ ಕಪ್ಪಾಗುವ ಪರದೆ

ನನಗೆ ರಿಪೇರಿ ಕಲಿಸಿದ ಯಜಮಾನರು ಯಾವ ಯಂತ್ರವನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈ ತಿರುಗಿಸಿ, ಬೆರಳುಗಳ ಹಿಂಬದಿಯನ್ನು ಮೆಲ್ಲಗೆ ತಾಗಿಸುತ್ತಿದ್ದರು, ಜ್ವರ ಬಂದ ಮಗುವಿನ ಕೆನ್ನೆ ನೋಡುವ ಹಾಗೆ. ಕರೆಂಟು ಹರಿಯುತ್ತಿದ್ದರೆ ಅಂಗೈ ಮುಷ್ಟಿ ಕಟ್ಟಿ ಅದನ್ನೇ ಹಿಡಿದುಬಿಡುತ್ತದೆ, ಹಿಂಬದಿಯಾದರೆ ಕೈ ತಾನಾಗಿ ದೂರ ಸರಿಯುತ್ತದೆ ಎಂದು ಕಾರಣ ಹೇಳಿದ್ದರು. ಸರಿ, ಒಪ್ಪಿದೆ. ಆದರೆ ಹೋಟೆಲಿನಲ್ಲಿ ಟೀ ಲೋಟವನ್ನೂ ಸಂತೆಯಲ್ಲಿ ಕುಂಬಳಕಾಯಿಯನ್ನೂ ಹಾಗೇ ಮುಟ್ಟುತ್ತಿದ್ದರಲ್ಲ, ಅದು ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೀಟರು, ಗೇಜು ನೋಡಿಕೊಳ್ಳುವ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದಲ್ಲಿ ನಮ್ಮ ಮನೆಯೆದುರು ಬಂದು ನಿಂತರು. ಬೀದಿಯವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಭಾನುವಾರಗಳಲ್ಲಿ ಅವರ ಜಗಲಿಯಲ್ಲಿ ಕೂತು ರಿಪೇರಿ ಕಲಿತೆ. ಅವರ ಪಾಠ ಒಂದೇ: ಒಂದು ಬಿಚ್ಚು, ನೋಡು, ವಾಪಸ್ ಹಾಕು, ಆಮೇಲೆ ಎರಡನೇದಕ್ಕೆ ಕೈ ಹಾಕು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆದರೂ ದುಡಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೇ ಅಂಗಡಿ ಮಾಡಿ, ಆಫೀಸುಗಳಿಗೆ ಕಂಪ್ಯೂಟರು ಕೂರಿಸಿಕೊಡುವ ಮಟ್ಟಕ್ಕೆ ಬಂದೆ. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ.

ಹತ್ತಿರದ ಒಂದು ಖಾಸಗಿ ಆಫೀಸಿಗೆ ಎಂಟು ಮೇಜಿಗೆ ಎಂಟು ಮಾನಿಟರು, ಎಂಟು ಡಾಕಿಂಗ್ ಸ್ಟೇಷನ್ ಹಾಕಿಕೊಟ್ಟೆ. ಡಾಕಿಂಗ್ ಸ್ಟೇಷನ್ ಎಂದರೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಲ್ಯಾಪ್‌ಟಾಪಿನಿಂದ ಒಂದೇ ವೈರು ಅದಕ್ಕೆ ಚುಚ್ಚಿದರೆ ಸಾಕು, ಮಾನಿಟರು, ಕೀಬೋರ್ಡು, ಪ್ರಿಂಟರು ಎಲ್ಲ ಕೆಲಸ ಮಾಡುತ್ತವೆ. ವಾರ ಕಳೆಯುವುದರೊಳಗೆ ದೂರು ಬಂತು. ಆಫೀಸಿನ ಸಾಹೇಬರು ಒಳಗೆ ಕಾಲಿಟ್ಟರೆ ಮೂರೋ ನಾಲ್ಕೋ ಪರದೆ ಕಪ್ಪಾಗುತ್ತವೆ, ನಾಲ್ಕು ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುತ್ತವೆ. "ನಾನು ಬರುವುದು ಕಂಡು ಏನನ್ನು ಮುಚ್ಚಿಡ್ತಿದ್ದೀರಿ" ಎಂದು ಸಾಹೇಬರು ಒಬ್ಬ ಹೆಣ್ಣುಮಗಳನ್ನು ಎಲ್ಲರೆದುರು ಗದರಿದ್ದರಂತೆ. ಆಕೆ ಅತ್ತುಬಿಟ್ಟಿದ್ದಳು. ಉಳಿದವರು ಬೆನ್ನ ಹಿಂದೆ ಸಾಹೇಬರ ಕಾಲ್ಗುಣ ಎಂದು ನಗುತ್ತಿದ್ದರು.

ನಾನು ಹೋಗಿ ವೋಲ್ಟೇಜ್ ಸಮಸ್ಯೆ ಎಂದೆ. ಸ್ಟೆಬಿಲೈಸರ್ ಹಾಕಿದೆ, ಹೋಗಲಿಲ್ಲ. ವೈರು ಎಂದೆ, ಎಂಟೂ ವೈರು ಬದಲಾಯಿಸಿದೆ. ಡಬ್ಬಿ ಎಂದೆ, ಡಬ್ಬಿಗಳನ್ನೂ ಬದಲಾಯಿಸಿದೆ. ನಾನಿದ್ದಾಗ ಎಲ್ಲ ಸರಿಯಾಗಿರುತ್ತಿತ್ತು, ಸಾಹೇಬರು ಬಂದರೆ ಕಪ್ಪು. ನನ್ನ ತಲೆಯೊಳಗೂ ಅದೇ ಕತ್ತಲೆ. ಆದರೂ ಗೊತ್ತಾಗುತ್ತಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ. ಓದಿದವನು ಹಾಗೆಂದರೆ ವಿನಯ ಅಂತಾರೆ. ನಾನು ಹೇಳಿದರೆ, ಓದಿಲ್ಲ ಪಾಪ ಅಂತಾರೆ. ಕೊನೆಗೆ ಸಾಹೇಬರು, ಶನಿವಾರದೊಳಗೆ ಸರಿಯಾಗದಿದ್ದರೆ ಎಲ್ಲ ಸಾಮಾನು ಕಿತ್ತುಕೊಂಡು ಹೋಗಿ, ಮತ್ತೆ ಈ ಬಾಗಿಲಿಗೆ ಬರಬೇಡಿ ಎಂದರು. ಆ ಬೀದಿಯ ಅರ್ಧ ಆಫೀಸುಗಳು ನನ್ನ ಗಿರಾಕಿಗಳು. ಒಂದು ಕಡೆ ಹೆಸರು ಕೆಟ್ಟರೆ ಮುಗಿಯಿತು.

ಶುಕ್ರವಾರ ಬೆಳಗ್ಗೆ ಯಜಮಾನರನ್ನು ಬಸ್ಸಿನಲ್ಲಿ ಕರೆತಂದೆ. ಅವರು ಮಾನಿಟರಿಗೆ ಒಂದು ಸಲ ಬೆರಳ ಹಿಂಬದಿ ತಾಗಿಸಿ, ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಸ್ಕ್ರೂ ಡ್ರೈವರ್ ಚೀಲದಿಂದ ಹೊರಗೇ ಬರಲಿಲ್ಲ. ಎರಡು ಟೀ ಕುಡಿದರು, ಬಸ್ ಟಿಕೇಟಿನ ಹಿಂದೆ ಏನೋ ಗೀಟು ಹಾಕಿದರು. ನನಗೋ ನಾಚಿಕೆ, ಮುದುಕರನ್ನು ಸುಮ್ಮನೆ ಕರೆತಂದೆನಲ್ಲ ಎಂದು. ಹನ್ನೊಂದಕ್ಕೆ ಸಾಹೇಬರು ಬಂದರು. ವಾಡಿಕೆಯಂತೆ ಎಂಟೂ ಜನ ಎದ್ದು ನಿಂತರು. ಮೂರು ಪರದೆ ಕಪ್ಪಾದವು. ಯಜಮಾನರು ಮಾತ್ರ ಏಳಲಿಲ್ಲ, ಮೇಜಿನ ಕೆಳಗೆ ಬಗ್ಗಿ ಕುರ್ಚಿಗಳನ್ನು ನೋಡುತ್ತಿದ್ದರು. ಸಾಹೇಬರ ಮುಖ ಕಂಡು, ವಯಸ್ಸಾದವರು ಸಾರ್ ಎಂದೆ.

ಆಮೇಲೆ ಯಜಮಾನರು ಗೋಡೌನಿನಿಂದ ಒಂದು ಹಳೆಯ ಮರದ ಕುರ್ಚಿ ತರಿಸಿದರು. ಬೈಸಿಕೊಂಡಿದ್ದ ಆ ಹೆಣ್ಣುಮಗಳನ್ನು ಅದರಲ್ಲಿ ಕೂರಿಸಿ, ಏಳು, ಕೂರು ಎಂದು ಇಪ್ಪತ್ತು ಸಲ ಮಾಡಿಸಿದರು. ಏನೂ ಆಗಲಿಲ್ಲ. ಮತ್ತೆ ಅವಳ ಹೊಸ ಚಕ್ರದ ಕುರ್ಚಿ, ಮೇಲೆ ಕೆಳಗೆ ಆಡುವ ರಾಡು ಇರುವಂಥದ್ದು. ಐದನೇ ಸಲ ಎದ್ದಾಗ ಪರದೆ ಕಪ್ಪಾಯಿತು. ಮತ್ತೆ ಮರದ ಕುರ್ಚಿ.

"ಯಜಮಾನ್ರೇ, ಸ್ಕೂಲಲ್ಲಿ ಬಸ್ಕಿ ಹೊಡೆಸಿದ ಹಾಗಾಯ್ತು" ಎಂದಳು ಅವಳು.

"ಇನ್ನು ನಾಲ್ಕೇ ಸಲ ತಾಯಿ. ನಿನ್ ಮೇಲಿನ ಗುಮಾನಿ ಹೋಗುತ್ತೆ."

ಸಾಹೇಬರನ್ನು ಕರೆಸಿದರು. ಅಪರಾಧ ಕುರ್ಚಿಯದು, ಎಲ್ಲರೂ ಒಟ್ಟಿಗೆ ಏಳುವುದು ನೀವು ಬಂದಾಗ ಮಾತ್ರ, ಅದಕ್ಕೇ ನಿಮ್ಮ ಕಣ್ಣಿಗೆ ಬೀಳುತ್ತದೆ ಎಂದು ತಿಳಿಸಿದರು.

"ಕುರ್ಚಿಗೂ ಸ್ಕ್ರೀನಿಗೂ ಏನ್ರೀ ಸಂಬಂಧ?" ಎಂದರು ಸಾಹೇಬರು.

ನಾನು ಅರ್ಥಿಂಗು, ಲೂಸ್ ಕನೆಕ್ಷನ್ನು ಎಂದು ಏನೋ ಶುರು ಮಾಡುವವನಿದ್ದೆ. ಅಷ್ಟರಲ್ಲಿ ಯಜಮಾನರು ಹೇಳಿದರು: "ಗೊತ್ತಿಲ್ಲ ಸಾರ್. ಆಗುತ್ತೆ ಅನ್ನೋದು ಗೊತ್ತು. ಯಾಕೆ ಅಂತ ಗೊತ್ತಿಲ್ಲ."

ಸಾಹೇಬರು ತಾವೇ ಆ ಕುರ್ಚಿಯಲ್ಲಿ ಕೂತರು, ಎದ್ದರು. ಮೂರನೇ ಸಲಕ್ಕೆ ಪರದೆ ಆರಿತು. ಅವರು ಆ ಹೆಣ್ಣುಮಗಳ ಕಡೆ ತಿರುಗಿ, ತಪ್ಪಾಯ್ತಮ್ಮ ಎಂದರು. ನನ್ನ ಕಡೆ ತಿರುಗಿ, ಇಷ್ಟು ದಿನದಲ್ಲಿ ಗೊತ್ತಿಲ್ಲ ಅಂದವರು ಇವರೊಬ್ಬರೇ ನೋಡಿ ಎಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ನಾನು ಬಂದಾಗ ಏಳಬೇಡಿ ಎಂದು ಸಾಹೇಬರು ಎಷ್ಟು ಹೇಳಿದರೂ ಯಾರೂ ಏಳುವುದು ಬಿಡಲಿಲ್ಲ. ಕುರ್ಚಿ ಬದಲಾಯಿಸುವುದೇ ಸುಲಭವಾಯಿತು. ನನ್ನ ಮಾನಿಟರುಗಳು ಇಂದಿಗೂ ಅಲ್ಲೇ ಇವೆ.

ವಾಪಸ್ ಬರುವ ಬಸ್ಸಿನಲ್ಲಿ ನಾನು ಮುನಿಸಿಕೊಂಡೇ ಕೇಳಿದೆ: "ಅಷ್ಟು ಜನರೆದುರು ಗೊತ್ತಿಲ್ಲ ಅಂದ್ಬಿಟ್ರಲ್ಲ?"

"ಗೊತ್ತಿಲ್ದೇ ಇದ್ದಿದ್ದಕ್ಕೆ ತಾನೇ ಮಾರಾಯ, ಬೆಳಗ್ಗಿಂದ ಕೂತು ನೋಡಿದ್ದು. ಗೊತ್ತಿದ್ದಿದ್ರೆ ನಾನೂ ನಿನ್ ಹಾಗೆ ವೈರ್ ಬದಲಾಯ್ಸಿ ಮನೆಗೆ ಹೋಗ್ತಿದ್ದೆ."

ಸಾಹೇಬರು ಬಂದಾಗ ಯಾಕೆ ಏಳಲಿಲ್ಲ ಎಂದೂ ಕೇಳಿದೆ. ಮಂಡಿ ನೋವು ಎಂದರು. ಇನ್ನೊಂದು ದಿನ ಕೇಳಿದಾಗ, ಎದ್ದಿದ್ದರೆ ಕುರ್ಚಿ ನೋಡುವವರು ಯಾರು ಎಂದರು. ಯಾವುದು ನಿಜವೋ. ಮುಂದೆ ಒಬ್ಬ ಇಂಜಿನಿಯರು, ಎದ್ದಾಗ ಕುರ್ಚಿಯ ರಾಡಿನಲ್ಲಿ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ, ಅದು ವೈರಿನೊಳಗಿನ ಸಿಗ್ನಲ್ಲನ್ನು ಕೆಡಿಸುತ್ತದೆ ಎಂದು ವಿವರಿಸಿದರು. ತಲೆಯಾಡಿಸಿದೆ. ಅರ್ಧ ತಿಳಿಯಿತು.

ಹೋದ ವರ್ಷ ಯಜಮಾನರು ತೀರಿಕೊಂಡರು. ಸುದ್ದಿ ತಿಳಿದು ಅಂಗಡಿ ಮುಚ್ಚಿ ಜನ್ನಾಪುರಕ್ಕೆ ಓಡಿದೆ. ಅದೇ ಜಗಲಿಯಲ್ಲಿ ಮಲಗಿಸಿದ್ದರು. ಪಕ್ಕದಲ್ಲಿ ಕೂತು ಕೈ ಚಾಚಿದೆ. ನನ್ನ ಕೈ ತಾನಾಗಿ ತಿರುಗಿತು. ಬೆರಳುಗಳ ಹಿಂಬದಿ ಅವರ ಹಣೆಗೆ ತಾಗಿತು. ತಣ್ಣಗಿತ್ತು.

ಅವರ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದರು. "ಅವರ ಹಾಗೇ ಮುಟ್ಟಿದ್ಯಲ್ಲಪ್ಪ, ಯಾಕೆ?" ಎಂದರು.

"ಗೊತ್ತಿಲ್ಲಮ್ಮ" ಎಂದೆ.