ಒಣಕಡ್ಡಿ ಇಟ್ಟಾಗ ಹೊತ್ತದ ಬಲ್ಬು

ತಿಗನಾರೆಯ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ವಿದ್ಯುತ್ತಿನ ಪಾಠ ಬಂತೆಂದರೆ ನನಗೆ ಹೆದರಿಕೆ. ಆನೆ ತಡೆಯಲು ಇಲ್ಲಿ ಹೊಲಗಳ ಸುತ್ತ ಸೋಲಾರ್ ಬೇಲಿ ಇದೆ. ಪಾಠ ಕೇಳಿದ ಹುಮ್ಮಸ್ಸಿನಲ್ಲಿ ಯಾರಾದರೂ ಅದನ್ನು ಮುಟ್ಟಿಬಿಟ್ಟರೆ? ಈ ಸಲವೂ, ಬೇಲಿಯ ಹತ್ತಿರ ಹೋದರೆ ಚರ್ಮ ಸುಲಿಯುತ್ತೇನೆ ಎಂದು ಗದರಿಸಿದ ಮೇಲೆಯೇ ಸೆಲ್ಲು, ವೈರು, ಪುಟ್ಟ ಬಲ್ಬು ಹೊರಗೆ ತೆಗೆದೆ.

ಮಕ್ಕಳು ವೈರುಗಳ ನಡುವೆ ಬೀಗದ ಕೈ ಇಟ್ಟರು, ಬಲ್ಬು ಹೊತ್ತಿತು. ಕಾಲ್ಗೆಜ್ಜೆ ಇಟ್ಟಾಗಲೂ ಹೊತ್ತಿತು, ಕೇಕೆ ಹಾಕಿದರು. ಒಣಕಡ್ಡಿ ಇಟ್ಟರೆ ಮಾತ್ರ ಹೊತ್ತಲಿಲ್ಲ. ಒಣ ಮರದಲ್ಲಿ ಕರೆಂಟು ಹರಿಯುವುದಿಲ್ಲ ಎಂದೆ.

"ಅದ್ಕೇಯಾ ಮಿಸ್, ಆನೆ ಒಣಮರ ತಂದು ಬೇಲಿ ಮ್ಯಾಲೆ ಆಕದು?" ಎಂದಳು, ಹೊಲದ ಮನೆಯಿಂದ ಬರುವ ಹುಡುಗಿ.

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಪಾಠ ಇಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗಿರಲಿಲ್ಲ.

ಸಂಜೆ ಎಲ್ಲರೂ ಹೊರಟ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು.

"ಬೇಲಿ ಆಕುಸ್ದ ಮ್ಯಾಲೆ ನಮ್ಮಪ್ಪ ಒಲ ಕಾಯದು ಬುಟ್ಬುಟ್ಟವ್ನೆ ಮಿಸ್. ಇನ್ ಆನೆ ಬರಲ್ಲ, ಸುಮ್ನೆ ಮನಿಕೊ ಅಂತನೆ. ನಾನೆಂಗ್ ಮನಿಕೊಳ್ಳದು?"