ಹಿಟ್ಟಿನ ಕಿವಿ

ಬೇಡಕಿಹಾಳದ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಎಲ್ಲರೂ ಉಣ್ಣಬೇಕು, ನಾವು ಜೈನರು. ಆ ಹೊತ್ತಿನ ಗಡಿಬಿಡಿಯನ್ನೇ ನನಗೆ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕಿತ್ತು. ನನ್ನ ಎಡಕ್ಕೆ ಅವ್ವ ರೊಟ್ಟಿ ಬಡಿಯುವುದು, ಬಲಕ್ಕೆ ಕಾಕು, ನಮ್ಮ ಚಿಕ್ಕಮ್ಮ, ತಾಟು ಹಾಕುವುದು, ಬೆನ್ನ ಹಿಂದಿನಿಂದ ಆಯಿ, ಅಂದರೆ ನಮ್ಮ ಅಜ್ಜಿ, ಎಲ್ಲರನ್ನೂ ಕೂಗುವುದು. ಮರುದಿನದಿಂದ ಕಾಕಾ ಕಾಕು ಹಿತ್ತಲಲ್ಲಿ ಕಟ್ಟಿದ ಹೊಸ ಅಡುಗೆಮನೆಗೆ ಹೋಗುವವರಿದ್ದರು. ಜಗಳವೇನಿಲ್ಲ, ಇಕ್ಕಟ್ಟು ಅಷ್ಟೆ. ಆದರೂ ಒಂದೇ ಪಂಕ್ತಿಯ ದಿನನಿತ್ಯದ ಊಟ ಅಂದಿಗೆ ಕೊನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಮುಂದೊಂದು ದಿನ ಅವ್ವ ಕೂರುತ್ತಿದ್ದುದು ಎಡಕ್ಕೋ ಬಲಕ್ಕೋ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ.

ಒಂದು ತಲೆ, ಎರಡು ಕಿವಿ, ಕಿವಿಗೊಂದು ಪುಟ್ಟ ಮೈಕು. ಹಾಗೆ ರೆಕಾರ್ಡ್ ಮಾಡಿದ್ದನ್ನು ಇಯರ್‌ಫೋನಿನಲ್ಲಿ ಕೇಳಿದರೆ ಎಡದ್ದು ಎಡಕ್ಕೆ, ಹಿಂದಿನದು ಹಿಂದೆಯೇ ಕೇಳುತ್ತದೆ. ಕಡಲೆಕಾಳಿನ ಗಾತ್ರದ ಮೈಕುಗಳನ್ನು ನಿಪ್ಪಾಣಿಯ ಮೊಬೈಲ್ ರಿಪೇರಿ ಅಂಗಡಿಯಿಂದ ತಂದಿದ್ದೆ. ತಲೆಗೆ ಕುಂಬಳಕಾಯಿ, ಕಿವಿಗೆ ಗೋಧಿಹಿಟ್ಟಿನ ಕಣಕ. ಬೆಳಿಗ್ಗೆಯಿಂದ ಬೆಸುಗೆಯೇ ಕೆಲಸ. ಮೊದಲು ಗುಂಯ್ ಎಂಬ ಸದ್ದು. ಚಾರ್ಜರ್ ಕಿತ್ತಾಗ ನಿಂತಿತು. ಆಮೇಲೆ ಎಡಗಡೆಯ ಮೈಕು ಸತ್ತಂತಿತ್ತು. ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದೆ. ಬಿಚ್ಚಿ ಮತ್ತೆ ಬೆಸೆದೆ. ನಡುನಡುವೆ ಎದ್ದು ಹೋಗಿ ಬಿಸಿಲು ನೋಡಿ ಬರುತ್ತಿದ್ದೆ. ಕೊನೆಗೆ ಮೈಕು ಹಿಟ್ಟಿನ ಕಿವಿಯೊಳಗೆ ಹೋಗಲೊಲ್ಲದು. ಚಾಕು ತೆಗೆದುಕೊಂಡೆ.

“ಏನ್ ಮಾಡಾಕತ್ತಿ?” ಎಂದಳು ಆಯಿ.

“ಕಿವಿ ಒಂಚೂರು ಕೊಯ್ಯೂದೈತಿ.”

“ಹಿಟ್ಟಿಂದಾದ್ರೂ ಕಿವಿ ಕಿವಿನ. ಕೊಯ್ಯೂ ಮನಸ ಬಂತಂದ್ರ ಪಾಪ ಬಂದಂಗ. ಚಾಕು ಇಡ.”

ಕಾಕು ನಕ್ಕಳು. “ಅತ್ತಿ, ಆಕಿ ಸ್ವಂತ ತಲಿ ಖಾಲಿನ ಐತಿ. ಅದಕ್ಕ ಹಚ್ಚಲಿ.”

ಆಯಿಯ ಮಾತು ಒಪ್ಪಿ ಚಾಕು ಇಟ್ಟೆನೋ, ವಾದಕ್ಕೆ ಹೊತ್ತಿಲ್ಲವೆಂದೋ, ಈಗಲೂ ಗೊತ್ತಿಲ್ಲ. ಮೈಕುಗಳನ್ನು ನನ್ನ ಕಿವಿಗಳಿಗೇ ಅಂಟಿಸಿಕೊಂಡೆ. ಪರೀಕ್ಷೆಗೆ ಒಂದು ಚೂರು ರೊಟ್ಟಿ ಅಗಿದು, ರೆಕಾರ್ಡ್ ಮಾಡಿ ಕೇಳಿದೆ. ಗಾಣಕ್ಕೆ ಕಬ್ಬು ಕೊಟ್ಟಂತೆ ನನ್ನ ದವಡೆಯದೇ ಸದ್ದು. ಹಾಗಾದರೆ ಉಣ್ಣುವುದೇ ಬೇಡ ಎಂದುಕೊಂಡು, ರೆಕಾರ್ಡ್ ಒತ್ತಿ ತಾಟಿನ ಮುಂದೆ ಅಲುಗದೆ ಕೂತೆ.

“ಯಾಕ್ ಉಣ್ಣವಲ್ಲಿ?” ಎಂದಳು ಕಾಕು. ಉತ್ತರ ಕೊಟ್ಟರೆ ನನ್ನ ದನಿಯೇ ತುಂಬಿಕೊಳ್ಳುತ್ತದೆ; ಸುಮ್ಮನಿದ್ದೆ. ರೊಟ್ಟಿಯ ಸಪ್ಪಳ ನಿಂತಿತು. “ಆರಾಮಿಲ್ಲೇನ?” ಎಂದಳು ಅವ್ವ. ಹಿಂದಿನಿಂದ ಆಯಿ, “ಹೊತ್ತ ಮುಳಗಾಕತ್ತೈತಿ, ಒಂದ್ ತುತ್ತರ ಉಣ್ಣ ನನ್ನವ್ವ.”

ಹೊತ್ತು ಮುಳುಗಿತು. ತಾಟು ಹಾಗೇ ಒಳಗೆ ಹೋಯಿತು.

ಮರುದಿನ ಸಂಜೆ ಕೂತು ಕೇಳಿದೆ. ಅವ್ವ ಎಡಕ್ಕೆ, ಕಾಕು ಬಲಕ್ಕೆ, ಆಯಿ ಹಿಂದೆ, ಎಲ್ಲ ಸರಿಯಾಗಿತ್ತು. ಆದರೆ ಗಡಿಬಿಡಿ ಇರಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿ ಉಣ್ಣು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಎಂದೂ ಆಗದ ಊಟವೊಂದನ್ನು ಜೋಪಾನ ಮಾಡಿಟ್ಟಿದ್ದೆ.

“ಇವತ್ತರ ಉಣ್ತಿಯೋ, ಕಿವಿ ಹಚ್ಕೊಂಡ ಕುಂಡರ್ತಿಯೋ?” ಎಂದು ಕಾಕು ಕೂಗಿದ್ದು ಕೇಳಿ ಇಯರ್‌ಫೋನ್ ಕಿತ್ತು ಅಂಗಳಕ್ಕೆ ಬಂದೆ. ಆಕೆ ಹಿತ್ತಲ ಅಡುಗೆಮನೆಯಿಂದ ಕರೆಯುತ್ತಿದ್ದಳು. ಈ ಕಡೆಯಿಂದ ಅವ್ವನೂ ಕರೆಯುತ್ತಿದ್ದಳು. ಹೊತ್ತು ಇನ್ನೂ ಇತ್ತು.