ಅಜ್ಜನನ್ನು ಬಸ್ಸು ಹತ್ತಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹದಿನೈದು ವರ್ಷಗಳಿಂದ, ಪ್ರತಿ ಡಿಸೆಂಬರಿನಲ್ಲಿ, ನಾನು ಮಕ್ಕಳ ಮುಂದೆ ನಿಂತು ಒಂದೇ ಸುಳ್ಳನ್ನು ತಪ್ಪದೆ ಹೇಳುತ್ತ ಬಂದಿದ್ದೇನೆ. ಶಾಲೆಯಲ್ಲಿ ಸುಳ್ಳು ಹೊಸದೇನಲ್ಲ. ನಾಳೆ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂಬ ಮಾತು ಇಲ್ಲದಿದ್ದರೆ ನಮ್ಮ ಶಾಲೆಯಲ್ಲಿ ಕಸ ಗುಡಿಸುವವರೇ ಇರುತ್ತಿರಲಿಲ್ಲ. ಆದರೆ ನನ್ನ ಸುಳ್ಳು ಒಂದು ಕಾರ್ಟೂನ್ ಸಿನಿಮಾಕ್ಕೆ ಸಂಬಂಧಿಸಿದ್ದು. ಅದೂ ಕ್ರಿಸ್‌ಮಸ್ ಹಬ್ಬದ, ಮಕ್ಕಳ ಸಿನಿಮಾ.

ಗೋವಾದ ಸಾಂಕೋಲೆಯ ಕಾರ್ಖಾನೆಗಳ ಬೆನ್ನಿಗೆ ಒಂದು ಸಣ್ಣ ಕನ್ನಡ ಶಾಲೆ ಇದೆ. ಅಲ್ಲಿ ನಾನು ಟೀಚರ್, ಮಕ್ಕಳ ಬಾಯಲ್ಲಿ ‘ಅಕ್ಕೋರು’. ಮಕ್ಕಳೆಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು. ಅಪ್ಪಂದಿರಲ್ಲಿ ಕೆಲವರು ಕಟ್ಟಡದ ಮೇಲೆ, ಕೆಲವರು ಬಂದರಿನಲ್ಲಿ. ಈ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ. ಡಿಸೆಂಬರ್ ಬಂತೆಂದರೆ ಓಣಿಯ ತಗಡಿನ ಮನೆಗಳ ಮೇಲೂ ಕಾಗದದ ನಕ್ಷತ್ರ ತೂಗುತ್ತದೆ. ಅದು ಯಾರ ಹಬ್ಬ ಎಂದು ಮಕ್ಕಳು ಕೇಳುವುದಿಲ್ಲ. ಹಬ್ಬದ ತಟ್ಟೆಯಲ್ಲಿ ಬೆಲ್ಲ, ತೆಂಗಿನ ಹಾಲಿನ ದೋದೋಲ್ ಬರುತ್ತದೆ, ನಮ್ಮ ಕರಿಗಡುಬಿನ ತಂಗಿಯಂತಿರುವ ನೇವ್ರಿ ಬರುತ್ತದೆ, ಅಷ್ಟು ಸಾಕು.

ಸಿನಿಮಾದ ಸೀಡಿ ತಟ್ಟೆ ಕೊಟ್ಟವರು ನಾನು ಆಗ ಬಾಡಿಗೆಗಿದ್ದ ಮನೆಯ ಒಡತಿ ಅರ್ಮಿಂದಾ ಬಾಯಿ. ಅವರ ಮಗ ಹಡಗಿನ ಕೆಲಸಕ್ಕೆ ಹೋದವನು ಯಾವುದೋ ದೇಶದ ಬಂದರಿನಿಂದ ತಂದದ್ದಂತೆ. ಬಹಳ ಹಳೆಯ ಸಿನಿಮಾ, ಕೈಯಿಂದ ಬರೆದ ಚಿತ್ರಗಳು, ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹೋಗಿದೆ. ಭಾಷೆ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಪೋರ್ತುಗೀಸ್ ಇರಬೇಕು ಎಂದು ನಾನಂದೆ. ಪೋರ್ತುಗೀಸ್ ಬಲ್ಲ ಅರ್ಮಿಂದಾ ಬಾಯಿ ಎರಡು ನಿಮಿಷ ಕಿವಿಗೊಟ್ಟು, ತಲೆಯಾಡಿಸಿ, ‘ದೇವರಿಗೇ ಗೊತ್ತು’ ಎಂದುಬಿಟ್ಟರು. ಹೀಗಾಗಿ ನಾನೇ ಟೀವಿಯ ಪಕ್ಕ ನಿಂತು, ಸದ್ದು ಪೂರ್ತಿ ಇಳಿಸಿ, ನಮ್ಮ ಮಕ್ಕಳ ಕನ್ನಡದಲ್ಲಿ ಕಥೆ ಹೇಳತೊಡಗಿದೆ. ತೊಗಲುಗೊಂಬೆ ಆಡಿಸುವವರು ಪರದೆಯ ಹಿಂದೆ ಕೂತು ಮಾಡುವುದೂ ಇದನ್ನೇ. ಮೂಕಿ ಚಿತ್ರಗಳ ಕಾಲದಲ್ಲೂ ಪರದೆಯ ಪಕ್ಕ ನಿಂತು ಕಥೆ ಹೇಳುವವರು ಇದ್ದರಂತೆ. ಅಂಥ ದೊಡ್ಡ ಪರಂಪರೆಗೆ ನಾನು ಸೇರಿದವಳು ಎಂದು ಒಳಗೊಳಗೇ ಬೀಗುತ್ತಿದ್ದೆ. ಭಾಷೆಯೇ ತಿಳಿಯದ ಸಿನಿಮಾಕ್ಕೆ ಇಷ್ಟು ಧೈರ್ಯವಾಗಿ ಮಾತು ಹೇಳಿದವಳು ಆ ಪರಂಪರೆಯಲ್ಲಿ ಇನ್ನೊಬ್ಬಳಿರಲಾರಳು.

ಕಥೆ ಇಷ್ಟು. ಹಿಮ ಬೀಳುವ ಒಂದು ಊರು. ಅಲ್ಲಿ ಬೀದಿ ದೀಪ ಹಚ್ಚುವ ಒಬ್ಬ ಅಜ್ಜ, ಅವನಿಗೊಂದು ಮೋಟು ಬಾಲದ ನಾಯಿ. ದಿನಾ ಸಂಜೆ ಅಜ್ಜ ಏಣಿ ಹೊತ್ತು ಹೊರಟು, ಒಂದೊಂದೇ ಕಂಬ ಹತ್ತಿ ದೀಪ ಹಚ್ಚುತ್ತಾನೆ. ಕ್ರಿಸ್‌ಮಸ್‌ನ ಹಿಂದಿನ ದಿನ ಹಿಮ ಜೋರಾಗಿರುತ್ತದೆ. ಅಜ್ಜ ಎಲ್ಲ ದೀಪ ಹಚ್ಚಿ, ಕೊನೆಗೆ ಗುಡ್ಡದ ಮೇಲಿನ ದೀಪವನ್ನೂ ಹಚ್ಚಿ, ಅದರ ಕೆಳಗೆ ಕೂರುತ್ತಾನೆ. ಹಿಮ ಬೀಳುತ್ತಲೇ ಇರುತ್ತದೆ, ಪರದೆ ಬೆಳ್ಳಗಾಗುತ್ತದೆ. ಬೆಳಿಗ್ಗೆ ನಾಯಿ ಊರಿನ ಮಕ್ಕಳನ್ನು ಎಳೆದುಕೊಂಡು ಗುಡ್ಡಕ್ಕೆ ಬರುತ್ತದೆ. ಅಲ್ಲಿ ಹಿಮದ ಮೇಲೆ ಕಾಣುವುದು ಅಜ್ಜನ ಟೊಪ್ಪಿಗೆ ಮಾತ್ರ. ಆ ಸಂಜೆ ಮಕ್ಕಳೇ ಏಣಿ ಹೊತ್ತು ಊರಿನ ದೀಪ ಹಚ್ಚುತ್ತಾರೆ. ಆಮೇಲೆ ಹಾಡು, ಕುಣಿತ, ಕೇಕು.

ಮೊದಲ ವರ್ಷ ಕಷ್ಟವಾದದ್ದು ಹಿಮ. ‘ಹಿಮ’ ಎಂದರೆ ಮಕ್ಕಳಿಗೆ ಪಾಠದಲ್ಲಿ ಬರುವ ಪದ, ಹಿಮಾಲಯದ ಮೊದಲ ಅರ್ಧ. ಮಂಜು ಎಂದರೆ ಬೆಳಿಗ್ಗೆ ಇದ್ದು ಬಿಸಿಲಿಗೆ ಹೋಗುವಂಥದ್ದು. ಕೊನೆಗೆ ‘ಬರ್ಫ’ ಎಂದೆ. ಎಲ್ಲರ ಮುಖವೂ ಅರಳಿತು. ಬರ್ಫ ಅವರಿಗೆ ಚೆನ್ನಾಗಿ ಗೊತ್ತು, ಮೀನಿನ ಪೆಟ್ಟಿಗೆಗೆ ಸುರಿಯುತ್ತಾರಲ್ಲ. ಒಬ್ಬಳಂತೂ ಊರನ್ನೆಲ್ಲ ಒಮ್ಮೆ ನೋಡಿ, “ಆ ಊರಾಗ ಮೀನ ಕೆಡಂಗೇ ಇಲ್ಲ ಬಿಡ್ರಿ” ಎಂದು ಸಮಾಧಾನಪಟ್ಟಳು.

ಇನ್ನೊಂದು ಏಣಿ. ಅಜ್ಜ ಏಣಿ ಹತ್ತಿದ ಕೂಡಲೇ ಇಡೀ ತರಗತಿ ಚಡಪಡಿಸುತ್ತದೆ. ಕೆಳಗೆ ಯಾರೂ ಏಣಿ ಹಿಡಿದಿಲ್ಲ! ಕಟ್ಟಡದ ಕೆಲಸಗಾರರ ಮಕ್ಕಳಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಏಣಿಯ ಬುಡದಲ್ಲಿ ಆ ಮೋಟು ಬಾಲದ ನಾಯಿ ಕೂತಿರುತ್ತದೆ. ಅದೇ ಏಣಿ ಹಿಡಿದಿದೆ ಎಂದು ಮಕ್ಕಳು ತಾವೇ ತೀರ್ಮಾನಿಸಿಕೊಂಡರು. ಸಿನಿಮಾ ಮಾಡಿದ ಪುಣ್ಯಾತ್ಮರಿಗೆ ಈ ಅರ್ಥ ಹೊಳೆದಿತ್ತೋ ಇಲ್ಲವೋ.

ಒಂದು ವರ್ಷ ಹೊಸದೊಂದು ಕ್ರಿಸ್‌ಮಸ್ ಕಾರ್ಟೂನ್ ಹಾಕಿ ನೋಡಿದೆವು. ಹಿಂದಿಯಲ್ಲಿ ಮಾತಿತ್ತು, ಹಾಡಿತ್ತು, ಪ್ರತಿ ಎರಡು ನಿಮಿಷಕ್ಕೆ ಯಾರಾದರೊಬ್ಬರು ದೊಪ್ಪನೆ ಬೀಳುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ, “ಅಕ್ಕೋರ, ಈಗ ನಮ್ಮ ಪಿಚ್ಚರ್ ಹಾಕ್ರಿ” ಎಂದರು. ನನಗೆ ಅಚ್ಚರಿಯಾಯಿತು. ಈ ಮಾಸಲು ಚಿತ್ರದಲ್ಲಿ ಏನಿದೆ? ಅದು ನಿಧಾನ, ಅದಕ್ಕೇ ಇರಬೇಕು ಎಂದುಕೊಂಡೆ. ಅಜ್ಜ ಏಣಿ ಹತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸಿನಿಮಾವೂ ಕಾಯುತ್ತದೆ. ಅಥವಾ ನಾಯಿ ಇರಬೇಕು, ಮಕ್ಕಳಿಗೆ ನಾಯಿ ಎಂದರೆ ಪ್ರಾಣ. ನನ್ನ ನಿರೂಪಣೆಯೂ ಒಂದು ಕಾರಣವಿರಬಹುದು ಎಂಬ ಗುಮಾನಿ ನನಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳಿದೆ.

ಈಗ ಸುಳ್ಳಿನ ವಿಷಯ. ಮೊದಲ ವರ್ಷ ಪರದೆಯ ಮೇಲೆ ಟೊಪ್ಪಿಗೆ ಕಂಡಾಗ ಮುಂದಿನ ಸಾಲಿನಲ್ಲಿ ಒಂದನೇ ತರಗತಿಯ ಪುಟ್ಟ ಪುಟ್ಟ ಮುಖಗಳು ನನ್ನನ್ನೇ ನೋಡುತ್ತಿದ್ದವು. ಅಜ್ಜ ಸತ್ತ ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ಅಜ್ಜ ಊರಿಗೆ ಹೋದ. ಬಸ್ಸಿಗೆ ಹೊತ್ತಾತಂತ ಅವಸರದಾಗ ಟೊಪಗಿ ಬಿಟ್ಟ ಹೋಗ್ಯಾನ” ಎಂದುಬಿಟ್ಟೆ. ಮಕ್ಕಳು ಸುಮ್ಮನೆ ಒಪ್ಪಿದರು. ಒಪ್ಪದೆ ಏನು, ನಮ್ಮ ಓಣಿಯಲ್ಲಿ ಕಾಣದಾದವರೆಲ್ಲ ಊರಿಗೇ ಹೋಗಿರುತ್ತಾರೆ. ಗುತ್ತಿಗೆ ಮುಗಿದವರು ಊರಿಗೆ ಹೋಗುತ್ತಾರೆ, ಬಸುರಿಯರು ಊರಿಗೆ ಹೋಗುತ್ತಾರೆ, ಗುಣವಾಗದ ಕಾಯಿಲೆಯ ಮುದುಕರನ್ನೂ ಊರಿಗೇ ಕರೆದೊಯ್ಯುತ್ತಾರೆ. ಪಕ್ಕದ ಬೆಂಚಿನ ಗೆಳತಿ ಸೋಮವಾರ ಬರಲಿಲ್ಲವೆಂದರೆ ಮಕ್ಕಳು ಕಾರಣ ಕೇಳುವುದಿಲ್ಲ. ಹೀಗೆ ಅಜ್ಜನೂ ವರ್ಷ ವರ್ಷ ಬಸ್ಸು ಹತ್ತುತ್ತ ಹೋದ.

ತಮಾಷೆ ನೋಡಿ, ಗೋವಾದಲ್ಲಿ ವರ್ಷದ ಕೊನೆಗೆ ಮಕ್ಕಳು ಹಳೆ ಅಂಗಿ ಪ್ಯಾಂಟಿಗೆ ಹುಲ್ಲು ತುಂಬಿ ಒಬ್ಬ ಮುದುಕನನ್ನು ಮಾಡಿ ರಸ್ತೆ ಬದಿಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವನೇ ಹಳೆಯ ವರ್ಷ. ನನ್ನ ಮಕ್ಕಳೂ ಆ ಗುಂಪಿನಲ್ಲಿದ್ದು, ಕುಣಿಯುತ್ತ ಅವನನ್ನು ಸುಟ್ಟು ಬರುತ್ತಾರೆ. ಇಂಥವರಿಗೆ ಸಾವೆಂಬ ಪದ ಕೇಳಿಸಬಾರದೆಂದು ನಾನು ಪಾಡುಪಡುತ್ತಿದ್ದೆ!

ಈ ವರ್ಷ ಸಿಕ್ಕಿಬಿದ್ದೆ. ಮೂರನೇ ತರಗತಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಮಲ್ಲಪ್ಪ ಗಾರೆ ಕೆಲಸದ ಗೌಂಡಿ, ಅವ್ವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಅವಳನ್ನು ಬೆಳೆಸಿದ್ದು ಅಪ್ಪನ ತಾಯಿ. ಆ ಆಯಿ ಕಣ್ಣಿಗೆ ಕನ್ನಡಕ, ಓಣಿಯವರ ಮಾತಿನಲ್ಲಿ ಚಾಳೀಸ, ಏರಿಸಿಕೊಂಡು ಓಣಿಯಲ್ಲಿ ಒಂಟಿಯಾಗಿರುವ ಗಂಡಸರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಳೆಗಾಲ ಮುಗಿಯುವಾಗ ಹಾಸಿಗೆ ಹಿಡಿದಳು. ಮೊಮ್ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಅವಳನ್ನು ಊರಿಗೆ ಕರೆದೊಯ್ದರು. ಹದಿನೈದು ದಿನಕ್ಕೆ ಗಂಡಹೆಂಡತಿ ಇಬ್ಬರೇ ವಾಪಸಾದರು.

ಡಿಸೆಂಬರ್ ಮೊದಲ ವಾರ ಮಲ್ಲಪ್ಪ ಶಾಲೆಗೆ ಬಂದು ಬಾಗಿಲ ಹೊರಗೇ ನಿಂತ.

“ನಮ್ಮವ್ವ ಹೋದಳ್ರಿ ಅಕ್ಕೋರ. ಹುಡಿಗಿಗಿ ಇನ್ನಾ ಹೇಳಿಲ್ರಿ. ಆಯಿ ಊರಾಗ ಆರಾಮ ಅದಾಳ ಅಂದೇವಿ. ಬ್ಯಾಸಿಗಿ ಸೂಟಿಗಿ ಊರಿಗಿ ಹೋದಾಗ ಹೇಳ್ತೇವ್ರಿ. ಅಲ್ಲೀತನಾ ನೀವೂ ಏನೂ ಅನ್ನಬ್ಯಾಡ್ರಿ.”

“ಆಕಿ ಕೇಳೂದಿಲ್ಲೇನು?”

“ದಿನಾ ಫೋನ್ ಹಚ್ಚು ಅಂತಿದ್ಲು. ರೇಂಜ್ ಇಲ್ಲ ಅಂತಿದ್ದೆ. ಈಗ ಕೇಳೂದ ಬಿಟ್ಟಾಳ್ರಿ.”

ಹೂಂ ಎಂದೆ. ಅವನು ಹೋದ ಮೇಲೆ ಹೊಳೆಯಿತು. ಮಲ್ಲಪ್ಪ ಹೇಳಿದ್ದು ನನ್ನದೇ ಸುಳ್ಳು. ಈ ಸಲ ಟೊಪ್ಪಿಗೆಯ ದೃಶ್ಯದಲ್ಲಿ ನಾನು ಏನು ಹೇಳಲಿ? ಊರಿಗೆ ಹೋದ ಎಂದರೆ ಆ ಹುಡುಗಿಯ ಎದುರಿಗೇ ಮೋಸ. ಸತ್ತ ಎಂದರೆ ಮಲ್ಲಪ್ಪನಿಗೆ ಕೊಟ್ಟ ಮಾತು ತಪ್ಪಿದಂತೆ. ಸಿನಿಮಾವನ್ನೇ ಬಿಟ್ಟುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ನೆಗಡಿಯಾಗಿ ಗಂಟಲು ಕಟ್ಟಿತು. ಹೆದರಿಕೆಗೂ ಗಂಟಲು ಕಟ್ಟುತ್ತದೆ ಎಂದು ನನ್ನ ಅನುಮಾನ. ರಜೆಯ ಹಿಂದಿನ ದಿನ ಬೋರ್ಡಿನ ಮೇಲೆ ‘ಈ ವರ್ಷ ಸಿನಿಮಾ ಇಲ್ಲ’ ಎಂದು ಬರೆದೆ.

“ನೀವು ಪಿಚ್ಚರ್ ಹಚ್ಚರಿ ಅಕ್ಕೋರ, ಕಥಿ ನಾವ ಹೇಳ್ತೇವಿ” ಎಂದಳು ನಾಲ್ಕನೇ ತರಗತಿಯ ರೇಣುಕಾ. ಒಂದೇ ನಿಮಿಷದಲ್ಲಿ ಹಂಚಿಕೆ ಮುಗಿದುಹೋಯಿತು. ಏಣಿ ನಂದು, ನಾಯಿ ನಂದು, ಕೇಕ್ ನಂದು. ಭಾಗ್ಯಶ್ರೀ ಕೊನೆಗೆ ಎದ್ದು, “ಗುಡ್ಡದ್ದು ನನಗಿರಲಿ” ಎಂದಳು. ನಾನು ಬೇಡವೆಂದು ಕೈಯಾಡಿಸಿದೆ. ಚಪ್ಪಾಳೆ ತಟ್ಟಲು ಹೇಳಿದೆನೆಂದು ತಿಳಿದು ಎಲ್ಲರೂ ತಟ್ಟಿದರು.

ಸಿನಿಮಾ ಶುರುವಾಯಿತು. ನನ್ನ ಹದಿನೈದು ವರ್ಷದ ಮಾತುಗಳೆಲ್ಲ ಮಕ್ಕಳ ಬಾಯಲ್ಲಿ ಒಂದಕ್ಷರ ತಪ್ಪದೆ ಬಂದವು, ನಾನು ನಡುವೆ ಮೂಗು ಒರೆಸಿಕೊಳ್ಳುವುದೂ ಬಂತು. ಗುಡ್ಡ ಬಂದಾಗ ಭಾಗ್ಯಶ್ರೀ ಟೀವಿಯ ಪಕ್ಕ ಹೋಗಿ ನಿಂತಳು.

“ಅಜ್ಜ ಗುಡ್ಡಾ ಹತ್ತಿದ. ಕಡೀ ದೀಪಾ ಹಚ್ಚಿದ. ಭಾಳ ದಣದಿದ್ದ, ಕುಂತ.”

ಪರದೆ ಬೆಳ್ಳಗಾಯಿತು.

“ಸತ್ತ” ಎಂದಳು. “ನಾಯಿಗಿ ಯಾರೂ ಹೇಳಲಿಲ್ಲ. ಆದ್ರೂ ಅದಕ್ಕ ಗೊತ್ತಾತು.”

ನಾನು ತಿರುಗಿ ಮುಂದಿನ ಸಾಲನ್ನು ನೋಡಿದೆ. ಮಕ್ಕಳಲ್ಲಿ ಯಾರೂ ಬೆಚ್ಚಲಿಲ್ಲ. ಬಸ್ಸಿನ ಮಾತು ಬರಲಿಲ್ಲವಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವಳು ಮುಂದುವರಿಸಿದಳು. “ಈಗ ಹುಡುಗೂರು ಬರ್ತಾರ. ಏಣಿ ಭಾರ ಐತಿ, ನಾಕ ಮಂದಿ ಹೊರತಾರ.” ಆಮೇಲೆ ಕೇಕಿನ ಹುಡುಗಿಗೆ ಜಾಗ ಬಿಟ್ಟು ಬೆಂಚಿಗೆ ಹೋಗಿ ಕೂತಳು.

ಮುಗಿದ ಮೇಲೆ ರೇಣುಕಾಳನ್ನು ಕರೆದು, ಉಳಿದಿದ್ದ ಪಿಸುದನಿಯಲ್ಲಿ ಕೇಳಿದೆ, “ಅಜ್ಜ ಸತ್ತದ್ದು ನಿಮಗ ಗೊತ್ತಿತ್ತೇನು?”

“ಹೌದ್ರಿ. ಆ ಪಿಚ್ಚರ್‌ದಾಗ ಬಸ್ ಎಲ್ಲೈತ್ರಿ ಅಕ್ಕೋರ?”

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?”

“ನಿಮಗ ಕೆಟ್ಟ ಅನಸ್ತದಂತ. ನಮ್ಮಕ್ಕನೂ ಹೇಳಿದ್ಲು, ಅಲ್ಲಿ ಅಕ್ಕೋರು ಏನಂತಾರೋ ಅದಕ್ಕ ಹೂಂ ಅನ್ರಿ ಅಂತ.”

ಅಂದರೆ ಒಂದು ತಂಡದ ಮಕ್ಕಳು ಮುಂದಿನ ತಂಡಕ್ಕೆ ಹೇಳಿಕೊಡುತ್ತ, ಹದಿನೈದು ವರ್ಷ ನನ್ನನ್ನು ಜೋಪಾನ ಮಾಡಿದ್ದರು. ನನ್ನ ನಿರೂಪಣೆಯ ಬಗ್ಗೆ ಇಟ್ಟುಕೊಂಡಿದ್ದ ಗುಮಾನಿ ಅವತ್ತಿಗೆ ಇಳಿಯಿತು. ಅವರು ಈ ಚಿತ್ರವನ್ನು ಮತ್ತೆ ಮತ್ತೆ ಕೇಳಿದ್ದು ಏಕೆಂದೂ ಸ್ವಲ್ಪ ತಿಳಿಯಿತು. ದೊಡ್ಡವರು ತಮಗೆ ಹೇಳದೆ ಬಿಡುವ ಮಾತೊಂದನ್ನು ಆ ಚಿತ್ರ ಹೇಳುತ್ತದೆ, ಹೇಳಿಯೂ ಕೇಕು ಕೊಡುತ್ತದೆ. ಹಬ್ಬ ನಿಲ್ಲುವುದಿಲ್ಲ.

ಎಲ್ಲರೂ ಮನೆಗೆ ಹೋದ ಮೇಲೆ ಭಾಗ್ಯಶ್ರೀ ಉಳಿದಳು. ಅವಳೇ ಹೇಳಿದಳು.

“ಅಪ್ಪನ ಚೀಲದಾಗ ಆಯಿ ಚಾಳೀಸ ಐತ್ರಿ. ಚಾಳೀಸ ಇಲ್ದ ಆಯಿಗೆ ರೊಟ್ಟಿ ಸುಟ್ಟದ್ದೂ ಕಾಣಂಗಿಲ್ಲ. ಊರಾಗ ಇದ್ದಿದ್ರ ಬಿಟ್ಟ ಕೊಡ್ತಿದ್ದಿಲ್ರಿ.” ಪಾಟೀಚೀಲ ಹೆಗಲಿಗೇರಿಸಿಕೊಂಡು, “ಅಪ್ಪಗ ಹೇಳಬ್ಯಾಡ್ರಿ. ಅವಗ ತಡಕೊಳ್ಳಾಕ ಆಗಂಗಿಲ್ಲ” ಎಂದಳು.

ತಂದೆ ಮಗಳಿಬ್ಬರಿಗೂ ಗೊತ್ತಿರುವ ಗುಟ್ಟನ್ನು ಇಬ್ಬರಿಂದಲೂ ಮುಚ್ಚಿಡುವ ಕೆಲಸ ನನ್ನ ತಲೆಗೆ ಬಂದಿತ್ತು. ಅಷ್ಟು ಜಾಣತನ ನನಗಿಲ್ಲ. ಮರುದಿನ ಬೆಳಿಗ್ಗೆ ರಜೆಯಾದರೂ ಇಬ್ಬರನ್ನೂ ಶಾಲೆಗೆ ಕರೆಸಿ ಒಂದೇ ಬೆಂಚಿನ ಮೇಲೆ ಕೂರಿಸಿದೆ. “ಮಲ್ಲಪ್ಪ, ಆಕಿಗಿ ಎಲ್ಲಾ ಗೊತ್ತೈತಿ” ಎಂದಷ್ಟೇ ಹೇಳಿ ವರಾಂಡಕ್ಕೆ ಬಂದು ನಿಂತೆ. ಮಾತು ತಪ್ಪಿದೆ, ಇಬ್ಬರ ಮಾತನ್ನೂ. ಬೈದರೆ ಬೈಸಿಕೊಳ್ಳೋಣ ಎಂದುಕೊಂಡೆ.

ಒಳಗಿಂದ ದೊಡ್ಡ ಗಂಡಸು ಅಳುವುದು ಕೇಳಿಸಿತು. ತಾಯಿ ಸತ್ತಾಗಿನಿಂದ ಮಗಳ ಮುಂದೆ ತಡೆದು ಇಟ್ಟುಕೊಂಡಿದ್ದ ಅಳು ಅದು. ಆಮೇಲೆ ಮಗಳ ಸಣ್ಣ ದನಿ.

“ಅಳಪಾ. ನಂದು ಅತ್ತಾಗೇತಿ. ನಳದಾಗ ನೀರ ತುಂಬೂವಾಗ ಅಳತಿದ್ದೆ.”

ನಾನೂ ಅಲ್ಲೇ ಕಂಬಕ್ಕೆ ಒರಗಿ ಅತ್ತೆ. ಬಹಳ ಹೊತ್ತಿನ ಮೇಲೆ ಮಲ್ಲಪ್ಪ ಮುಖ ಒರೆಸಿಕೊಂಡು ಬಾಗಿಲಿಗೆ ಬಂದ. ಬೈಯಲಿಲ್ಲ.

“ಅಕ್ಕೋರ, ಅದೇನೋ ಪಿಚ್ಚರ್ ಅಂತಲ್ರಿ. ಒಮ್ಮಿ ಹಾಕ್ತೀರೇನು? ನಾ ನೋಡಿಲ್ಲ.”

ಟೀವಿ ಹಚ್ಚಿ, ರೂಢಿಯಂತೆ ಅದರ ಪಕ್ಕ ನಿಂತು ಬಾಯಿ ತೆರೆದೆ. ಅಷ್ಟರಲ್ಲಿ ಭಾಗ್ಯಶ್ರೀ ಅಪ್ಪನ ಕೈ ಹಿಡಿದು ಶುರುಮಾಡಿಬಿಟ್ಟಿದ್ದಳು, “ಇದು ಬರ್ಫ ಅಪ್ಪಾ. ಇಲ್ಲಿ ಒಬ್ಬಾವ ಅಜ್ಜ ಇರತಾನ.” ನಾನು ಹಿಂದಿನ ಬೆಂಚಿಗೆ ಹೋಗಿ ಕುಳಿತೆ. ನನಗಿಂತ ಚೆನ್ನಾಗಿಯೇ ಹೇಳುತ್ತಿದ್ದಳು.